ಬಿಸಿನೀರಿನ ಮೂರ್ಛೆಯೂ ವಂಶವಾಹಿಯೂ

ಮೂರ್ಛೆರೋಗವನ್ನು ಗಾಳಿಯ ಸೋಂಕೆಂದೋ ಹಿರಿಯರ ಪಾಪದ ಫಲವೆಂದೋ ತಿಳಿಯುವವರು ನಮ್ಮ ಸೀಮೆಯಲ್ಲಿ ಇಂದಿಗೂ ಉಂಟು. ಸೆಳವು ಬಂದವನ ಕೈಗೆ ಬೀಗದ ಕೈ ಹಿಡಿಸುವುದನ್ನು ನಾವೆಲ್ಲ ಕಂಡಿದ್ದೇವೆ. "ಅದು ಆ ಮನೆತನದಲ್ಲೇ ಇದೆ" ಎಂಬ ಮಾತು ಹುಟ್ಟಿತೆಂದರೆ ಆ ಮನೆಯ ಹೆಣ್ಣುಮಕ್ಕಳಿಗೆ ಸಂಬಂಧ ಕೂಡಿಬರುವುದೇ ಕಷ್ಟ. ಈ ಮಾತಿನಲ್ಲಿ ನಿಜವೆಷ್ಟು, ಸುಳ್ಳೆಷ್ಟು ಎಂಬುದನ್ನು ನಮ್ಮ ನಾಡಿನಲ್ಲೇ ನಡೆದ ಸಂಶೋಧನೆಯಿಂದ ಅರಿಯಬಹುದು.

ಮಿದುಳಿನ ನರಕೋಶಗಳು ಸೂಕ್ಷ್ಮವಾದ ವಿದ್ಯುತ್ ಸಂಕೇತಗಳ ಮೂಲಕ ಕೆಲಸ ಮಾಡುತ್ತವೆ. ಬಹುಸಂಖ್ಯೆಯ ಕೋಶಗಳು ಒಮ್ಮೆಗೇ ಅಂಕೆ ಮೀರಿ ಸಂಕೇತಗಳನ್ನು ಹೊಮ್ಮಿಸಿದಾಗ ಸೆಳವು ಬರುತ್ತದೆ. ತಲೆಗೆ ಬಿದ್ದ ಪೆಟ್ಟು, ಮಿದುಳಿನ ಸೋಂಕು, ವಂಶವಾಹಿಯ ವ್ಯತ್ಯಾಸ ಹೀಗೆ ಇದಕ್ಕೆ ಕಾರಣಗಳು ಹಲವು. ಇದು ಅಂಟುರೋಗವಲ್ಲ. 1980ರ ದಶಕದಲ್ಲಿ ಡಾ. ಎಂ. ಗೌರಿದೇವಿಯವರೂ ಅವರ ಸಹೋದ್ಯೋಗಿಗಳೂ ನರರೋಗಗಳ ಸಮೀಕ್ಷೆ ನಡೆಸಿದ್ದು ನಮ್ಮ ಗೌರಿಬಿದನೂರಿನಲ್ಲಿಯೇ. ಆದುದರಿಂದ ಈ ವಿಷಯ ನಮಗೆ ದೂರದ್ದಲ್ಲ.

ಕರ್ನಾಟಕದಲ್ಲಿ ವಿಶೇಷವಾಗಿ ಕಂಡುಬರುವ ಒಂದು ಬಗೆಯ ಮೂರ್ಛೆಯುಂಟು. ಹಂಡೆಯಲ್ಲಿ ಕಾಯ್ದ ನೀರನ್ನು ಚೊಂಬಿನಿಂದ ಮೇಲಿಂದ ಮೇಲೆ ತಲೆಗೆ ಹೊಯ್ದುಕೊಳ್ಳುವಾಗ ಕೆಲವರಿಗೆ ಸೆಳವು ಬರುತ್ತದೆ. ಡಾ. ಕೆ. ಎಸ್. ಮಣಿ ಮತ್ತು ಸಂಗಡಿಗರು 1968ರಲ್ಲಿ ಇದರ ಬಗೆಗೆ ಬರೆದರು. 1988ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು 279 ರೋಗಿಗಳ ವಿವರವನ್ನು ಪ್ರಕಟಿಸಿದರು. ಬಿಸಿನೀರು ಎಲ್ಲ ಮನೆಗಳಲ್ಲೂ ಒಂದೇ. ಆದರೆ ಕೆಲವು ಮನೆತನಗಳಲ್ಲಿ ಮಾತ್ರ ಒಬ್ಬರಿಗಿಂತ ಹೆಚ್ಚು ಮಂದಿಗೆ ಈ ಸೆಳವು ಬರುವುದೇಕೆ?

ಇದರ ಉತ್ತರವನ್ನು ಅರಸಿದವರು ನಾವು ಬೆಂಗಳೂರಿಗೆ ಹೋಗುವ ಹಾದಿಯಲ್ಲಿರುವ ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಪ್ರೊ. ಅನುರಂಜನ್ ಆನಂದ್ ಮತ್ತು ಅವರ ಸಂಗಡಿಗರು. ಮನುಷ್ಯನ ಜೀವಕೋಶದಲ್ಲಿ 23 ಜೊತೆ ವರ್ಣತಂತುಗಳಿವೆ. ವಂಶವಾಹಿಗಳು ಇರುವುದು ಅವುಗಳಲ್ಲಿ. ಒಂದೇ ಮನೆತನದ ರೋಗಿಗಳೆಲ್ಲರಲ್ಲಿಯೂ ಇದ್ದು, ರೋಗವಿಲ್ಲದವರಲ್ಲಿ ಸಾಮಾನ್ಯವಾಗಿ ಇಲ್ಲದ ಭಾಗವಾವುದು ಎಂದು ಹುಡುಕಿದಾಗ, 2009ರಲ್ಲಿ ಒಂದು ಅಧ್ಯಯನವು ಹತ್ತನೆಯ ವರ್ಣತಂತುವಿನ ಒಂದು ಭಾಗವನ್ನೂ ಇನ್ನೊಂದು ಅಧ್ಯಯನವು ನಾಲ್ಕನೆಯದರ ಒಂದು ಭಾಗವನ್ನೂ ತೋರಿಸಿಕೊಟ್ಟವು. 2017ರಲ್ಲಿ ಎಸ್‌ಎಲ್‌ಸಿ1ಎ1 ಎಂಬ ವಂಶವಾಹಿಯ ಅಪರೂಪದ ವ್ಯತ್ಯಾಸಗಳು ಬೆಳಕಿಗೆ ಬಂದವು. ನರಕೋಶಗಳನ್ನು ಕೆರಳಿಸುವ ಗ್ಲುಟಮೇಟ್ ಎಂಬ ದ್ರವ್ಯವನ್ನು ಕೆಲಸ ಮುಗಿದ ಮೇಲೆ ಕೋಶದೊಳಕ್ಕೆ ಹಿಂದಕ್ಕೆ ಸೆಳೆದುಕೊಳ್ಳುವ ಪ್ರೋಟೀನೊಂದನ್ನು ಈ ವಂಶವಾಹಿ ರೂಪಿಸುತ್ತದೆ.

ಹಾಗಾದರೆ ಊರವರ ಮಾತು ನಿಜವಾಯಿತೇ? ಅರ್ಧ ಮಾತ್ರ ನಿಜ. ಇಂತಹ ಮನೆತನಗಳಲ್ಲಿ ತಂದೆ ಅಥವಾ ತಾಯಿಯಿಂದ ಆ ವಂಶವಾಹಿ ಪ್ರತಿಯೊಂದು ಮಗುವಿಗೂ ಬರುವ ಸಂಭವ ಎರಡರಲ್ಲೊಂದು. ಆದರೆ ಬಂದವರಿಗೆಲ್ಲ ರೋಗ ತಲೆದೋರಲೇಬೇಕೆಂಬ ನಿಯಮವಿಲ್ಲ. ಬೀಜವಿದ್ದ ಮಾತ್ರಕ್ಕೆ ರಾಗಿ ಬೆಳೆಯದು, ಮಳೆಯೂ ಬೇಕೆಂಬುದನ್ನು ಈ ಬಯಲುಸೀಮೆಯವರಿಗೆ ಹೇಳಿಕೊಡಬೇಕಾಗಿಲ್ಲ. ಇಲ್ಲಿ ಆ ಮಳೆಯ ಸ್ಥಾನದಲ್ಲಿರುವುದು ಬಿಸಿನೀರು. ನೀರಿನ ಕಾವು ತಗ್ಗಿಸಿದರೆ ಹಲವರಿಗೆ ಸೆಳವು ತಪ್ಪುತ್ತದೆ. ಕೆಲವರಿಗೆ ವೈದ್ಯರು ಸ್ನಾನಕ್ಕೆ ಮೊದಲು ಸೇವಿಸುವ ಮಾತ್ರೆ ಕೊಡುತ್ತಾರೆ. ಸ್ನಾನವಿಲ್ಲದಾಗಲೂ ಸೆಳವು ಬರುವವರಿಗೆ ನಿತ್ಯದ ಔಷಧ ಬೇಕಾಗಬಹುದು.

ಹಿಂದೂ ವಿವಾಹ ಕಾನೂನಿನಲ್ಲಿ ಮದುವೆಗೆ ಅಡ್ಡಿಯಾಗಿದ್ದ ಮೂರ್ಛೆರೋಗವನ್ನು 1999ರ ತಿದ್ದುಪಡಿ ತೆಗೆದುಹಾಕಿತು. ಕಾನೂನು ಬಿಟ್ಟುಕೊಟ್ಟದ್ದನ್ನು ಜನ ಇನ್ನೂ ಹಿಡಿದುಕೊಂಡಿರುವುದು ಉಚಿತವಲ್ಲ. ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು, ಚಿಕ್ಕಬಳ್ಳಾಪುರಗಳ ಹಳ್ಳಿಗಳಿಂದ ಬಂದು ಓದುತ್ತಿರುವ ನಾವು ಈ ತಿಳಿವನ್ನು ನಮ್ಮ ನಮ್ಮ ಮನೆಗಳಿಗೆ ಕೊಂಡೊಯ್ಯಬೇಕು. ರೋಗವನ್ನು ಬಚ್ಚಿಟ್ಟವನು ಚಿಕಿತ್ಸೆಯಿಂದ ದೂರವಾಗುತ್ತಾನೆ; ಅವನು ಬಚ್ಚಿಡುವಂತೆ ಮಾಡುವುದು ನಮ್ಮ ನಾಲಿಗೆ.