ಆರು ಡಿಗ್ರಿ ವಾಲಿದ ಮಂಚ

ಹತ್ತು-ಹನ್ನೆರಡು ದಿನ ಜ್ವರದಲ್ಲಿ ಮಲಗಿದ ಹಿರಿಯರು ಹೊರಸಿನಿಂದ ಏಳಹೊರಟರೆ ಸುರಪುರದ ಕಡೆ ಮನೆಮಂದಿ ಕೂಗುವುದು ಒಂದೇ ಮಾತು: ‘ಒಮ್ಮಿಗೇ ಏಳಬ್ಯಾಡ ಮುತ್ಯಾ, ಚಕ್ಕರ್ ಬರ್ತದ!’ ಮಲಗಿದ ಮೈಗೆ ನಿಲ್ಲುವುದು ಏಕೆ ಕಷ್ಟ ಎಂಬ ಈ ಪ್ರಶ್ನೆಯನ್ನೇ ಗಗನಯಾತ್ರಿಗಳ ಸಲುವಾಗಿ ಅಭ್ಯಾಸ ಮಾಡುವ ಸಂಸ್ಥೆಯೊಂದು ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯಲ್ಲಿದೆ. ವಾಯುಪಡೆಯ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್ ಅದರ ಹೆಸರು. 1957ರಲ್ಲಿ ವಿಮಾನ ಚಾಲಕರ ಆರೋಗ್ಯಕ್ಕಾಗಿ ಸಣ್ಣ ಶಾಲೆಯಾಗಿ ಶುರುವಾಯಿತು. ರಾಕೇಶ್ ಶರ್ಮಾ ಮತ್ತು ರವೀಶ್ ಮಲ್ಹೋತ್ರಾ ಅವರನ್ನು ಬಾಹ್ಯಾಕಾಶಕ್ಕೆ ಆರಿಸುವ ಮುನ್ನ ಪರೀಕ್ಷಿಸಿದ್ದು ಇಲ್ಲಿ. ಭಾರತದ ಗಗನಯಾನ ಯೋಜನೆಗೆ ಆಯ್ಕೆಯಾದ ನಾಲ್ವರು ಗಗನಯಾತ್ರಿಗಳೂ ಇಲ್ಲಿನ ತಪಾಸಣೆ ದಾಟಿಯೇ ಮುಂದೆ ಹೋದವರು.

ಭೂಮಿಯ ಮೇಲೆ ಗುರುತ್ವವನ್ನು ಆರಿಸಿಬಿಡಲು ಬರುವುದಿಲ್ಲ. ವಿಮಾನವನ್ನು ಕಮಾನಿನಂತೆ ಏರಿಸಿ ಇಳಿಸಿದರೆ ಇಪ್ಪತ್ತು-ಇಪ್ಪತ್ತೈದು ಸೆಕೆಂಡು ತೂಕವಿಲ್ಲದ ಸ್ಥಿತಿ ಸಿಗುತ್ತದೆ, ಹೃದಯದ ಬದಲಾವಣೆ ನೋಡಲು ಅದು ಏನೇನೂ ಸಾಲದು. ದಾರಿ ತೋರಿಸಿದ್ದು ಸೋವಿಯತ್ ಗಗನಯಾತ್ರಿಗಳ ಒಂದು ದೂರು. ಮರಳಿ ಬಂದ ಮೇಲೆ ಸಮತಟ್ಟಾದ ಹಾಸಿಗೆಯಲ್ಲಿ ಮಲಗಿದರೂ ಕಾಲ ಕಡೆಗೆ ಜಾರಿದಂತಾಗುತ್ತದೆ ಎಂದು ಅವರು ಹೇಳುತ್ತಿದ್ದರು. ವೈದ್ಯರು ಮಂಚದ ಕಾಲ ಕಡೆಯನ್ನು ಎತ್ತರಿಸಿದರು. ತಲೆ ಆರು ಡಿಗ್ರಿ ಕೆಳಗೆ ಇಳಿಯುವ ಆ ಮಂಚವೇ ಇಂದು ಜಗತ್ತಿನಾದ್ಯಂತ ಪ್ರಯೋಗದ ಅಳತೆಗೋಲು. ಸ್ವಯಂಸೇವಕರು ಶಹಾಪುರದ ಮಲಗಿದ ಬುದ್ಧನ ಗುಡ್ಡದಂತೆ ದಿನಗಟ್ಟಲೆ, ಕೆಲವೊಮ್ಮೆ ಎರಡು ತಿಂಗಳು ಮಲಗಿರುತ್ತಾರೆ. ಮಗ್ಗುಲು ಬದಲಿಸಬಹುದು, ತಲೆ ಎತ್ತಿ ಕೂರುವಂತಿಲ್ಲ. ಊಟ, ಸ್ನಾನ, ಶೌಚ ಎಲ್ಲವೂ ಮಲಗಿದಲ್ಲೇ. ಇನ್ನೊಂದು ವಿಧಾನದಲ್ಲಿ ಬೆಚ್ಚನೆಯ ನೀರಿನ ತೊಟ್ಟಿಯ ಮೇಲೆ ಅಗಲವಾದ ಜಲನಿರೋಧಕ ಬಟ್ಟೆ ಹಾಸಿ ಅದರಲ್ಲಿ ಮಲಗಿಸುತ್ತಾರೆ. ಬಟ್ಟೆ ಮೈಸುತ್ತ ಮಡಚಿಕೊಂಡು ಮನುಷ್ಯ ಕುತ್ತಿಗೆಯವರೆಗೆ ಮುಳುಗುತ್ತಾನೆ, ಆದರೆ ಚರ್ಮಕ್ಕೆ ನೀರು ತಾಗುವುದಿಲ್ಲ. ಬೆಂಗಳೂರಿನಲ್ಲಿ ಈ ಎರಡೂ ಬಗೆಯ ಪ್ರಯೋಗಗಳು ನಡೆದಿವೆ.

ಅಷ್ಟು ಹೊತ್ತಿನಲ್ಲಿ ದೇಹದೊಳಗೆ ನಡೆಯುವುದು ನಿಜಕ್ಕೂ ಅಚ್ಚರಿ ಹುಟ್ಟಿಸುತ್ತದೆ. ನಾವು ಎದ್ದು ನಿಂತಾಗ ಅರ್ಧ ಲೀಟರಿಗೂ ಹೆಚ್ಚು ರಕ್ತ ಹೊಟ್ಟೆ, ಕಾಲುಗಳಿಗೆ ಇಳಿಯುತ್ತದೆ. ಕುತ್ತಿಗೆಯ ದೊಡ್ಡ ರಕ್ತನಾಳಗಳಲ್ಲಿ ಮತ್ತು ಹೃದಯದ ಮೇಲ್ಗಡೆ ಒತ್ತಡ ಅಳೆಯುವ ನರತುದಿಗಳಿವೆ. ಒತ್ತಡ ಸ್ವಲ್ಪ ಇಳಿದರೂ ಅವು ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ, ಹೃದಯದ ಬಡಿತ ಏರುತ್ತದೆ, ಕಾಲಿನ ನಾಳಗಳು ಬಿಗಿಯುತ್ತವೆ. ಕೆಲವೇ ಸೆಕೆಂಡುಗಳ ಕೆಲಸ, ನಮಗೆ ಗೊತ್ತೂ ಆಗುವುದಿಲ್ಲ. ತಲೆ ಕೆಳಗಾದಾಗ ಆ ರಕ್ತವೆಲ್ಲ ಎದೆಗೆ ಬಂದು ಸೇರುತ್ತದೆ. ಮುಖ ಊದುತ್ತದೆ, ಮೂಗು ಕಟ್ಟುತ್ತದೆ. ಮೈಯಲ್ಲಿ ನೀರು ಹೆಚ್ಚಾಗಿದೆ ಎಂದು ದೇಹ ತಪ್ಪಾಗಿ ತಿಳಿದು ಮೂತ್ರದ ಮೂಲಕ ಹೊರಹಾಕುತ್ತದೆ. ಒಂದೆರಡು ದಿನದಲ್ಲೇ ರಕ್ತದ ದ್ರವಭಾಗ ಹತ್ತನೇ ಒಂದು ಪಾಲಿನಷ್ಟು, ಕೆಲವರಲ್ಲಿ ಇನ್ನೂ ಹೆಚ್ಚು, ತಗ್ಗುತ್ತದೆ. ಎತ್ತರಕ್ಕೆ ರಕ್ತ ತಳ್ಳುವ ಕೆಲಸ ಇಲ್ಲವಾದ್ದರಿಂದ ವಾರಗಳು ಕಳೆದಂತೆ ಹೃದಯದ ಸ್ನಾಯುವೂ ಕರಗುತ್ತದೆ.

1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಐವರು ಗಟ್ಟಿಮುಟ್ಟಾದ ಯುವಕರನ್ನು ಮೂರು ವಾರ ಮಲಗಿಸಿ ನೋಡಿದರು. ಮೂವತ್ತು ವರ್ಷಗಳ ನಂತರ ಅದೇ ಐವರನ್ನು ಮತ್ತೆ ಪರೀಕ್ಷಿಸಿದಾಗ, ಮೂವತ್ತು ವರ್ಷದ ವಯಸ್ಸು ಅವರ ದುಡಿಯುವ ಶಕ್ತಿಯಿಂದ ಕಸಿದದ್ದಕ್ಕಿಂತ ಆ ಮೂರು ವಾರದ ಹಾಸಿಗೆ ಕಸಿದದ್ದೇ ಹೆಚ್ಚೆಂದು ತಿಳಿದುಬಂತು. ಈ ವಿಷಯದಲ್ಲಿ ನಾನು ಓದಿದ್ದರಲ್ಲೆಲ್ಲ ನನ್ನನ್ನು ತೀರಾ ಕಾಡಿದ್ದು ಇದು.

ಪ್ರಯೋಗದ ಕೊನೆಯಲ್ಲಿ ನಿಲ್ಲಿಸುವ ಪರೀಕ್ಷೆ. ವ್ಯಕ್ತಿಯನ್ನು ಹಲಗೆಗೆ ಪಟ್ಟಿಯಿಂದ ಬಿಗಿದು ಹಲಗೆಯನ್ನೇ ನಿಧಾನ ಎತ್ತುತ್ತಾರೆ. ತೋಳಿಗೆ ಬಿಪಿ ಪಟ್ಟಿ, ಎದೆಗೆ ಇಸಿಜಿ ತಂತಿಗಳು. ರಕ್ತ ಕಡಿಮೆಯಾಗಿದೆ, ನರಗಳ ಉತ್ತರವೂ ಮಂದವಾಗಿದೆ. ಬಡಿತ ಏರುತ್ತಲೇ ಹೋಗುತ್ತದೆ, ಹಣೆ ಬೆವರುತ್ತದೆ, ತುಟಿ ಬಿಳಚಿಕೊಳ್ಳುತ್ತದೆ. ಒತ್ತಡ ಕುಸಿದ ಕೂಡಲೇ ಹಲಗೆಯನ್ನು ಕೆಳಗಿಳಿಸುತ್ತಾರೆ. 2025ರ ಜುಲೈನಲ್ಲಿ ಶುಭಾಂಶು ಶುಕ್ಲಾ ಅಂತರಿಕ್ಷ ನಿಲ್ದಾಣದಿಂದ ಮರಳಿದಾಗ ಬೇರೆಯವರ ಆಸರೆ ಹಿಡಿದು ಹೆಜ್ಜೆ ಇಟ್ಟದ್ದನ್ನು ಟಿವಿಯಲ್ಲಿ ಕಂಡವರಿಗೆ ಇದು ಹೊಸದಲ್ಲ. ಇಳಿಯುವ ಮುನ್ನ ಉಪ್ಪಿನ ಮಾತ್ರೆಯ ಜೊತೆ ನೀರು ಕುಡಿಯುವುದು, ಕಾಲಿಗೆ ಬಿಗಿಯುಡುಗೆ ತೊಡುವುದು, ಮೇಲಿರುವಾಗ ದಿನವೂ ವ್ಯಾಯಾಮ ಮಾಡುವುದು ಈಗಿನ ರೂಢಿ. ರಾಕೇಶ್ ಶರ್ಮಾ 1984ರಲ್ಲಿ ಸಲ್ಯೂತ್-7ರಲ್ಲಿ ಯೋಗಾಸನ ಮಾಡಿದ್ದೂ ತೂಕವಿಲ್ಲದ ಸ್ಥಿತಿಗೆ ಅದು ಮದ್ದಾದೀತೇ ಎಂದು ನೋಡಲಿಕ್ಕೆ.

ಯಾದಗಿರಿ ಜಿಲ್ಲೆಯಿಂದ ನಾಳೆಯೇ ಯಾರೂ ಅಂತರಿಕ್ಷಕ್ಕೆ ಹೋಗದಿರಬಹುದು. ಆದರೆ ತೊಡೆಮೂಳೆ ಮುರಿದು ತಿಂಗಳುಗಟ್ಟಲೆ ಹೊರಸು ಹಿಡಿದವರು, ಲಕ್ವಾ ಹೊಡೆದವರು ಇಲ್ಲಿನ ಊರೂರಲ್ಲಿದ್ದಾರೆ. ಅವರ ಮೈಯಲ್ಲಿ ಆಗುತ್ತಿರುವುದೂ ಇದೇ, ವಯಸ್ಸಿನ ಕಾರಣ ಇನ್ನಷ್ಟು ಜೋರಾಗಿ. ಬೇಸಿಗೆಯಲ್ಲಿ ಬೆವರಿ ನೀರು ಕಳೆದುಕೊಂಡವರು, ಬಿಪಿ ಗುಳಿಗೆ ನುಂಗುವ ವೃದ್ಧರು ಎದ್ದ ಕೂಡಲೇ ಬೀಳುವುದಕ್ಕೂ ಇದರದೇ ನಂಟಿದೆ. ನಮ್ಮ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಕೂರಿಸಿ ಒಮ್ಮೆ ಬಿಪಿ ನೋಡಿ ಕಳಿಸುತ್ತಾರೆ. ಇಂಥವರಿಗೆ ಮಲಗಿಸಿ ಒಮ್ಮೆ, ನಿಲ್ಲಿಸಿ ಮೂರು ನಿಮಿಷದೊಳಗೆ ಮತ್ತೊಮ್ಮೆ ನೋಡಲೇಬೇಕು ಎಂಬುದು ನನ್ನ ಆಗ್ರಹ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಅದು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ಕುಸಿತ. ವೈದ್ಯರು ಆಗ ಗುಳಿಗೆಯ ಪ್ರಮಾಣವನ್ನು ಮರುಪರಿಶೀಲಿಸುತ್ತಾರೆ. ಮನೆಯಲ್ಲಿ ಮಾಡುವುದು ಇಷ್ಟು: ಎಬ್ಬಿಸುವ ಮುನ್ನ ಹೊರಸಿನ ಅಂಚಿನಲ್ಲಿ ಕೂರಿಸಿ, ಕಾಲು ಇಳಿಬಿಡಿಸಿ, ಪಾದ ಮೇಲೆ ಕೆಳಗೆ ಆಡಿಸಲು ಹೇಳಿ, ಒಂದೆರಡು ನಿಮಿಷ ಕಳೆದ ಮೇಲೆ ಹೆಗಲು ಕೊಟ್ಟು ನಿಲ್ಲಿಸುವುದು.