ಚಂಡಮಾರುತವೂ ಒಳನಾಡಿನ ಕತ್ತಲೆಯೂ: ಐವರ್ನಾಡಿನ ನಿದರ್ಶನ

ಚಂಡಮಾರುತವೆಂದರೆ ಕಡಲತೀರದವರ ಕಷ್ಟವೆಂದು ಒಳನಾಡಿನವರು ಭಾವಿಸುವುದು ವಾಡಿಕೆ. ಸುಳ್ಯ ತಾಲ್ಲೂಕಿನ ಐವರ್ನಾಡು ಸಮುದ್ರದಿಂದ ನೇರವಾಗಿ ಅಳೆದರೆ 40–50 ಕಿಲೋಮೀಟರುಗಳಷ್ಟು ಒಳಗಿರುವ, ಗುಡ್ಡಗಳ ನಡುವೆ ಅಡಿಕೆ, ತೆಂಗು, ರಬ್ಬರು ತೋಟಗಳಿಂದ ಕೂಡಿದ ಗ್ರಾಮ. ಅಲ್ಲಿಗೆ ಕಡಲ ಅಲೆ ಬರಲಾರದು; ಗಾಳಿಯೂ ಬಹುಮಟ್ಟಿಗೆ ಕುಂದಿಯೇ ಬರುತ್ತದೆ. ಆದರೂ ಚಂಡಮಾರುತವು ಇಂತಹ ಗ್ರಾಮಗಳನ್ನು ಬಾಧಿಸದೆ ಇರುವುದಿಲ್ಲ. ಅದು ಬರುವ ದಾರಿ ಯಾವುದು, ಅದಕ್ಕೆ ಮಾಡಿಕೊಳ್ಳಬೇಕಾದ ಸಿದ್ಧತೆ ಎಂತಹುದು ಎಂಬುದನ್ನು ಇಲ್ಲಿ ಸಂಗ್ರಹವಾಗಿ ವಿವೇಚಿಸಲಾಗಿದೆ.

ಅಟ್ಲಾಂಟಿಕ್ ತೀರಗಳಲ್ಲಿ ಹರಿಕೇನ್ ಎಂದೂ ಪೂರ್ವ ಏಷ್ಯದಲ್ಲಿ ಟೈಫೂನ್ ಎಂದೂ ಕರೆಯುವುದು ನಮ್ಮ ಚಂಡಮಾರುತದ ಜಾತಿಯ ಗಾಳಿಯನ್ನೇ. ಭಾರತದ ಹವಾಮಾನ ಇಲಾಖೆಯ ವರ್ಗೀಕರಣದಂತೆ, ವಾಯುಭಾರ ಕುಸಿತದ ಸುತ್ತ ಬೀಸುವ ಗಾಳಿಯ ವೇಗ ಗಂಟೆಗೆ 62 ಕಿಲೋಮೀಟರಿಗೆ ಏರಿದಾಗ ಅದಕ್ಕೆ ಚಂಡಮಾರುತವೆಂಬ ಹೆಸರು ಸಲ್ಲುತ್ತದೆ. ಮುಂಗಾರಿಗೆ ಮುಂಚಿನ ಏಪ್ರಿಲ್‌ನಿಂದ ಜೂನ್‌ವರೆಗಿನ ತಿಂಗಳುಗಳೂ ಮುಂಗಾರಿನ ನಂತರದ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ತಿಂಗಳುಗಳೂ ಅದಕ್ಕೆ ಅನುಕೂಲವಾದ ಕಾಲ. ಬಂಗಾಳ ಕೊಲ್ಲಿಗೆ ಹೋಲಿಸಿದರೆ ಅರಬ್ಬೀ ಸಮುದ್ರದಲ್ಲಿ ಚಂಡಮಾರುತಗಳು ವಿರಳವೆಂಬುದು ಹಿಂದಿನಿಂದ ಬಂದ ತಿಳಿವಳಿಕೆ. ಆದರೆ 2019ರ ಒಂದೇ ವರ್ಷದಲ್ಲಿ ಅರಬ್ಬೀ ಸಮುದ್ರದಲ್ಲಿ 5 ಚಂಡಮಾರುತಗಳು ಕಾಣಿಸಿಕೊಂಡುದನ್ನು ಮರೆಯುವಂತಿಲ್ಲ.

2021ರ ಮೇ ತಿಂಗಳಿನ ‘ತೌಕ್ತೆ’ ಚಂಡಮಾರುತವು ಈ ವಿಷಯಕ್ಕೆ ಒಳ್ಳೆಯ ದೃಷ್ಟಾಂತ. ಲಕ್ಷದ್ವೀಪದ ಬಳಿ ಮೇ 14ರಂದು ಚಂಡಮಾರುತದ ರೂಪ ತಾಳಿ, 15 ಮತ್ತು 16ರಂದು ಕರ್ನಾಟಕದ ಕರಾವಳಿಯ ಆಚೆ ಕಡಲಿನಲ್ಲಿಯೇ ಉತ್ತರಕ್ಕೆ ಸಾಗಿ, 17ರ ರಾತ್ರಿ ಅದು ಗುಜರಾತಿನ ತೀರವನ್ನು ಹೊಕ್ಕಿತು. ಅದರ ಕೇಂದ್ರವು ಕರ್ನಾಟಕದ ನೆಲವನ್ನು ಮುಟ್ಟಲೇ ಇಲ್ಲ. ಹಾಗಿದ್ದರೂ ನಮ್ಮ ಕರಾವಳಿ ಮತ್ತು ಮಲೆನಾಡಿನ ಜಿಲ್ಲೆಗಳಲ್ಲಿ ಮನೆಗಳೂ ವಿದ್ಯುತ್ ಕಂಬಗಳೂ ಉರುಳಿದವು. ಕೋವಿಡ್ ನಿಮಿತ್ತ ಜನಸಂಚಾರ ನಿರ್ಬಂಧಿತವಾಗಿ, ವೈದ್ಯರ ಸಲಹೆಗೂ ದೂರವಾಣಿಯನ್ನು ನೆಚ್ಚಿದ್ದ ದಿನಗಳವು. ವಿದ್ಯುತ್ತು ಹೋಗುವುದೆಂದರೆ ಬರಿಯ ದೀಪ ಆರುವುದಲ್ಲವೆಂಬುದು ಆಗ ಸ್ಪಷ್ಟವಾಯಿತು.

ಕೇಂದ್ರವು ದೂರವಿದ್ದರೂ ತಂತಿ ಹರಿಯುವುದೇಕೆ? ಗಾಳಿಯ ಒತ್ತಡವು ಅದರ ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ. ವೇಗ ಇಮ್ಮಡಿಯಾದರೆ ಒತ್ತಡ ನಾಲ್ಮಡಿಯಾಗುತ್ತದೆ. ಅಡಿಕೆ ಮರ ಎತ್ತರಕ್ಕೆ ತಕ್ಕ ದಪ್ಪವಿಲ್ಲದ ಮರ. ಅದರ ಬೇರುಗಳು ನೆಲದಲ್ಲಿ ಆಳಕ್ಕೆ ಇಳಿಯುವುದಿಲ್ಲ. ರಬ್ಬರು ಮರವಾದರೋ ಬಾಗುವುದಕ್ಕೆ ಮೊದಲೇ ಮುರಿಯುವ ಸ್ವಭಾವದ್ದು. ಮಳೆಗೆ ಮಣ್ಣು ಸಡಿಲವಾದ ಮೇಲೆ ಸಾಧಾರಣ ಬಿರುಗಾಳಿಯೂ ಇವನ್ನು ಕೆಡಹಬಲ್ಲದು. 11 ಕಿಲೋವೋಲ್ಟಿನ ಮಾರ್ಗಗಳು ಇಂತಹ ತೋಟಗಳ ನಡುವೆಯೇ ಹಾಯ್ದು ಬರುತ್ತವೆ. ಒಂದು ಮರ ತಂತಿಯ ಮೇಲೆ ಬಿದ್ದರೆ, ಆ ಕವಲಿನಲ್ಲಿ ಮುಂದಿರುವ ಮನೆಗಳೆಲ್ಲವೂ ಕತ್ತಲಾಗುತ್ತವೆ.

ಕತ್ತಲೆಯ ಬೆನ್ನಿಗೇ ನೀರಿನ ಅಭಾವ ಬರುತ್ತದೆ. ಕೊಳವೆಬಾವಿಯ ಪಂಪು ನಿಂತರೆ ಊರಿನ ಟ್ಯಾಂಕು ಬರಿದಾಗುತ್ತದೆ. ಐದು ಮಂದಿಯ ಕುಟುಂಬಕ್ಕೆ ಕುಡಿಯಲು ಮತ್ತು ಅಡುಗೆಗೆ ತಲೆಗೆ 5 ಲೀಟರಿನಂತೆ ಲೆಕ್ಕ ಹಿಡಿದರೆ ನಾಲ್ಕು ದಿನಕ್ಕೆ 100 ಲೀಟರು ಸಾಕು. ಆದರೆ ಕರೆಯುವ ಹಸುವೊಂದಕ್ಕೇ ದಿನಕ್ಕೆ ಸುಮಾರು 50 ಲೀಟರು ಬೇಕು. ಆದುದರಿಂದ ಮನೆಯ ಲೆಕ್ಕಕ್ಕಿಂತ ಹಟ್ಟಿಯ ಲೆಕ್ಕವೇ ದೊಡ್ಡದು. ಮೊಬೈಲ್ ಗೋಪುರಗಳ ಬ್ಯಾಟರಿ ಬರಿದಾದೊಡನೆ ಸುದ್ದಿಯೂ ನಿಲ್ಲುತ್ತದೆ.

ಸಿದ್ಧತೆಗೆ ಕಾಲಾವಕಾಶವಿಲ್ಲದಿಲ್ಲ. ಕರಾವಳಿಯಲ್ಲಿ ಪ್ರತಿಕೂಲ ಹವೆ ತೋರುವ 48 ಗಂಟೆಗಳಷ್ಟು ಮೊದಲು ಹವಾಮಾನ ಇಲಾಖೆಯು ಜಾಗೃತಿಯ ಸೂಚನೆಯನ್ನೂ 24 ಗಂಟೆಗಳಷ್ಟು ಮೊದಲು ಎಚ್ಚರಿಕೆಯನ್ನೂ ಹೊರಡಿಸುವುದು ಕ್ರಮ. ಮೊದಲನೆಯ ಸೂಚನೆಯೊಡನೆ ಟ್ಯಾಂಕು, ಹಂಡೆ, ಕೊಡಪಾನಗಳನ್ನು ತುಂಬಿಸಿ, ಔಷಧಿ ಮತ್ತು ಹುಲ್ಲನ್ನು ಕೂಡಿಡಬೇಕು. ಎರಡನೆಯದರೊಡನೆ ಇನ್ವರ್ಟರು, ಟಾರ್ಚು, ದೂರವಾಣಿಗಳಿಗೆ ಪೂರ್ಣ ವಿದ್ಯುತ್ ತುಂಬಿಸಿ, ಬ್ಯಾಟರಿಯನ್ನು ಮಿತವಾಗಿ ಬಳಸಲು ನಿಶ್ಚಯಿಸಬೇಕು. 12 ವೋಲ್ಟಿನ 150 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿರುವುದು 1,800 ವಾಟ್-ಗಂಟೆ. ಅದರಲ್ಲಿ 1,200 ನಮಗೆ ದಕ್ಕಿತೆಂದರೆ, 9 ವಾಟಿನ ನಾಲ್ಕು ದೀಪಗಳೂ 75 ವಾಟಿನ ಒಂದು ಫ್ಯಾನೂ ಹನ್ನೊಂದು ಗಂಟೆಯೊಳಗೆ ಅದನ್ನು ಮುಗಿಸುತ್ತವೆ. ಫ್ಯಾನನ್ನು ಬಿಟ್ಟು ಒಂದೇ ದೀಪ ಉರಿಸಿದರೆ ಅದೇ ಶಕ್ತಿ ಹಲವು ರಾತ್ರಿಗಳಿಗೆ ಬರುತ್ತದೆ.

ಗಾಳಿ ನಿಂತ ಮೇಲೆಯೂ ಪ್ರಾಣಾಪಾಯ ತಪ್ಪಿದ್ದಲ್ಲ. ಬಿದ್ದ ತಂತಿಯಲ್ಲಿ ವಿದ್ಯುತ್ತು ಇದೆಯೆಂದೇ ತಿಳಿದು ದೂರವಿದ್ದು, 1912ಕ್ಕೆ ತಿಳಿಸಬೇಕು. ಜನರೇಟರನ್ನು ಮನೆಯೊಳಗೆ ನಡೆಸಿದರೆ ಅದರ ವಿಷಾನಿಲ ಕೊಲ್ಲುತ್ತದೆ. ಮುಖ್ಯ ಸ್ವಿಚ್ಚನ್ನು ತೆಗೆಯದೆ ಅದನ್ನು ಮನೆಯ ತಂತಿಗೆ ಜೋಡಿಸಿದರೆ, ಆ 230 ವೋಲ್ಟು ಹಿಮ್ಮುಖವಾಗಿ ಟ್ರಾನ್ಸ್‌ಫಾರ್ಮರನ್ನು ಹೊಕ್ಕು 11,000 ವೋಲ್ಟಾಗಿ ಮಾರ್ಗಕ್ಕೆ ಏರಬಲ್ಲದು. ನಮ್ಮ ಮನೆಗೆ ಬೆಳಕು ತರಲೆಂದು ಕಂಬ ಹತ್ತಿದ ಲೈನ್‌ಮನ್ನನೇ ನಮ್ಮ ಅಜಾಗರೂಕತೆಗೆ ಬಲಿಯಾಗಬಹುದು.

ಇವೆಲ್ಲವೂ ಆಯಾ ಮನೆಯವರ ಕೈಯಲ್ಲಿರುವ ಕಾರ್ಯ. ಕೈಮೀರಿದ ಒಂದು ಕಾರ್ಯ ಉಳಿಯುತ್ತದೆ. ತಂತಿಗೆ ಬೀಳಬಹುದಾದ ಅಡಿಕೆ ಮರವನ್ನು ಕಡಿಯಲು ಯಾವ ಕೃಷಿಕನೂ ಸುಲಭವಾಗಿ ಒಪ್ಪಲಾರ. ನೆಟ್ಟು ಹಲವು ವರ್ಷ ಕಾದು, ಫಲ ಕಂಡ ಮರವದು. ಅವನ ಹಿಂಜರಿಕೆ ನ್ಯಾಯವೇ. ಆದರೆ ಆ ಮರ ಬಿದ್ದಾಗ ಕತ್ತಲಾಗುವುದು ಅವನೊಬ್ಬನ ಮನೆಯಲ್ಲ. ಆದುದರಿಂದ ಮಾರ್ಗದ ಬದಿಯ ಮರಗಳನ್ನು ಬೇಸಗೆಯಲ್ಲಿಯೇ ಗುರುತಿಸಿ, ಕಡಿದವನ ನಷ್ಟವನ್ನು ಆ ಕವಲಿನ ಮನೆಗಳೆಲ್ಲ ಹಂಚಿಕೊಳ್ಳುವಂತೆ ಗ್ರಾಮಸಭೆಯಲ್ಲಿ ಮಾತನಾಡಿಕೊಳ್ಳುವುದು ಉಚಿತ. ಅದರಂತೆಯೇ ತೆರೆದ ಬಾವಿಯಿರುವ ಮನೆಗಳು ಹಗ್ಗವನ್ನೂ ರಾಟೆಯನ್ನೂ ಕೆಲಸಕ್ಕೆ ಬರುವಂತೆ ಇಟ್ಟುಕೊಂಡರೆ, ಪಂಪು ನಿಂತ ದಿನ ನೆರೆಯವರೂ ಅಲ್ಲಿ ಕೊಡ ತುಂಬಿಸಿಕೊಳ್ಳಬಹುದು. ಒಂದೇ ತಂತಿಯ ಬೆಳಕನ್ನು ಹಂಚಿಕೊಂಡವರು ಅದು ಹರಿಯದಂತೆ ಕಾಯುವ ಹೊಣೆಯನ್ನೂ ಹಂಚಿಕೊಳ್ಳುವುದು ನ್ಯಾಯವಾದುದು.