ಟ್ರ್ಯಾಕ್ಟರ್ ಸೆಲ್ಫ್ ತಗೊಳ್ಳದಿದ್ದರೆ

ಪಾವಗಡ, ಮಧುಗಿರಿ, ಶಿರಾ ಸೀಮೆಯಲ್ಲಿ ಕಡಲೆಕಾಯಿ ಬಿತ್ತನೆಗೆ ಹದ ಸಿಗುವುದು ಕೆಲವೇ ದಿನ. ಬೇಸಿಗೆಯೆಲ್ಲ ನಿಂತಿದ್ದ ಟ್ರ್ಯಾಕ್ಟರ್ ಮಳೆ ಬಿದ್ದ ಮಾರನೆಯ ಬೆಳಿಗ್ಗೆ ಹೊಲಕ್ಕಿಳಿಯಲೇಬೇಕು. ಕೈಕೊಡುವುದೂ ಅಂದೇ. ಕೀಲಿ ತಿರುಗಿಸಿದರೆ ‘ಟಕ್’ ಎಂಬ ಸದ್ದು, ಆಮೇಲೆ ಮೌನ. ‘ಬ್ಯಾಟರಿ ಹೋಯ್ತು’ ಎಂದು ಯಾರೋ ತೀರ್ಪು ಕೊಡುತ್ತಾರೆ. ಸಾವಿರಾರು ರೂಪಾಯಿ ಸುರಿದು ಹೊಸ ಬ್ಯಾಟರಿ ಕೂರಿಸಿದರೂ ಕೆಲವೊಮ್ಮೆ ಅದೇ ‘ಟಕ್’.

ಡೀಸೆಲ್ ಎಂಜಿನ್ನಿಗೆ ಕಿಡಿ ಬೇಕಿಲ್ಲ. ಸಿಲಿಂಡರಿನ ಗಾಳಿಯನ್ನು ಹದಿನಾರು, ಹದಿನೆಂಟು ಪಟ್ಟು ಹಿಂಡಿದಾಗ ಹುಟ್ಟುವ ಕಾವಿಗೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ಹಾಗೆ ಹಿಂಡುವಷ್ಟು ಬಿರುಸಾಗಿ ಎಂಜಿನ್ ತಿರುಗಿಸಲು ಸೆಲ್ಫ್ ಮೋಟರು ಬ್ಯಾಟರಿಯಿಂದ ನೂರಾರು ಆಂಪಿಯರ್ ಎಳೆಯುತ್ತದೆ. 55 ವ್ಯಾಟಿನ ಹೆಡ್‌ಲೈಟ್ ಬಲ್ಬಿಗೆ ಸುಮಾರು ಐದೇ ಆಂಪಿಯರ್ ಸಾಕು. ಹಾಗಾಗಿ ‘ಲೈಟ್ ಚೆನ್ನಾಗೇ ಉರಿಯುತ್ತೆ’ ಎಂಬ ಮಾತು ಬ್ಯಾಟರಿ ಗಟ್ಟಿಯಿದೆ ಎಂಬುದಕ್ಕೆ ಪುರಾವೆಯಲ್ಲ, ವೈರು ಸರಿಯಿದೆ ಎಂಬುದಕ್ಕಂತೂ ಅಲ್ಲವೇ ಅಲ್ಲ. ಟರ್ಮಿನಲ್ ಮೇಲಿನ ಬಿಳಿ, ಹಸಿರು ಪುಡಿ ಓಮ್‌ನ ನೂರನೇ ಒಂದು ಭಾಗದಷ್ಟು ತಡೆ ಒಡ್ಡಿದರೂ 200 ಆಂಪಿಯರ್ ಹರಿಯುವಾಗ ಅಲ್ಲೇ 2 ವೋಲ್ಟ್ ಕಳೆದುಹೋಗುತ್ತದೆ. ಪೈಪಿನಲ್ಲಿ ಕಲ್ಲು ಸಿಕ್ಕಿಕೊಂಡ ಬೋರ್‌ವೆಲ್‌ನಂತೆ: ನೀರು ಜಿನುಗುತ್ತದೆ, ಧಾರೆ ಬರುವುದಿಲ್ಲ.

ಮೊದಲು ಕಿವಿಗೊಡಬೇಕು. ಸದ್ದೇ ಇಲ್ಲದಿದ್ದರೆ ಫ್ಯೂಸ್, ಕೀಲಿ ಸ್ವಿಚ್, ಸೆಲ್ಫಿನ ಸಣ್ಣ ವೈರು, ಇಲ್ಲವೇ ಕ್ಲಚ್ ಒತ್ತದೆ ಸ್ಟಾರ್ಟ್ ಆಗದಂತೆ ತಡೆಯುವ ಸೇಫ್ಟಿ ಸ್ವಿಚ್ಚನ್ನು ನೋಡಬೇಕು. ‘ಟಕಟಕ’ ಎಂದು ಬಡಿದುಕೊಂಡರೆ ಬ್ಯಾಟರಿ ಇಳಿದಿದೆ ಅಥವಾ ಟರ್ಮಿನಲ್ ಸಡಿಲವಾಗಿದೆ. ಒಂದೇ ‘ಟಕ್’ ಎಂದರೆ ದಪ್ಪ ವೈರು, ಅರ್ತಿಂಗ್, ಸಾಲಿನಾಯ್ಡ್, ಸೆಲ್ಫಿನ ಕಾರ್ಬನ್ ಬ್ರಷ್, ಇವುಗಳ ಮೇಲೆ ಅನುಮಾನ. ಎಂಜಿನ್ ಚೆನ್ನಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಬಹುಮಟ್ಟಿಗೆ ಡೀಸೆಲ್ ಲೈನಿನಲ್ಲಿ ಗಾಳಿ ಸೇರಿರುತ್ತದೆ. ಅದು ಬೇರೆಯೇ ಕಥೆ.

ಅನುಮಾನ ಬಗೆಹರಿಸುವುದು ಕೆಲವು ನೂರು ರೂಪಾಯಿಗೆ ಸಿಗುವ ಮೀಟರು. ರಾತ್ರಿಯಿಡೀ ಸುಮ್ಮನಿದ್ದ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ. 12ರ ಹತ್ತಿರವಿದ್ದರೆ ಮೊದಲು ಚಾರ್ಜ್ ಮಾಡಿಸಬೇಕು. ಸೆಲ್ಫ್ ಹೊಡೆಯುವಾಗ ವೋಲ್ಟೇಜ್ 9.6ಕ್ಕಿಂತ ಕೆಳಗಿಳಿಯಬಾರದು. ಆಮೇಲೆ ಗೇರು ನ್ಯೂಟ್ರಲ್‌ಗೆ ಹಾಕಿ, ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಪ್ಲಸ್ ಕಂಬಕ್ಕೂ ಇನ್ನೊಂದನ್ನು ಸೆಲ್ಫಿನ ದಪ್ಪ ವೈರಿನ ಬೋಲ್ಟಿಗೂ ಮುಟ್ಟಿಸಿಟ್ಟು, ಸೀಟಿನಲ್ಲಿರುವವರಿಗೆ ಕೀಲಿ ತಿರುಗಿಸಲು ಹೇಳಬೇಕು. ಅರ್ಧ ವೋಲ್ಟ್ ದಾಟಿದರೆ ತಪ್ಪು ಆ ವೈರಿನ ಹಾದಿಯಲ್ಲಿದೆ. ಮೈನಸ್ ಕಂಬದಿಂದ ಎಂಜಿನ್ ಬಾಡಿಗೂ ಹೀಗೆಯೇ ನೋಡಬೇಕು. ಅರ್ತಿಂಗ್ ಪಟ್ಟಿಯನ್ನು ಎಲ್ಲರೂ ಮರೆಯುತ್ತಾರೆ. ಮಲ್ಪೆಯ ಡೀಸೆಲ್ ದೋಣಿಗೂ ಕೊರಟಗೆರೆಯ ಟ್ರ್ಯಾಕ್ಟರಿಗೂ ಈ ಪರೀಕ್ಷೆ ಒಂದೇ. ಅಲ್ಲಿ ಟರ್ಮಿನಲ್ ತಿನ್ನುವುದಕ್ಕೆ ಕಡಲ ಉಪ್ಪುಗಾಳಿಯೂ ಸೇರಿಕೊಳ್ಳುತ್ತದೆ.

ಪಾವಗಡ, ಮಧುಗಿರಿ, ಶಿರಾ, ಕೊರಟಗೆರೆಯವರು ಬ್ಯಾಟರಿಗೆ ಹಾಕುವ ನೀರಿನ ವಿಷಯದಲ್ಲಿ ವಿಶೇಷವಾಗಿ ಎಚ್ಚರವಾಗಿರಬೇಕು. ಆಳದ ಬೋರ್‌ವೆಲ್ ನೀರಿನಲ್ಲಿ ಲವಣ ಹೆಚ್ಚು. ಪಾವಗಡದ ಫ್ಲೋರೈಡ್ ನೀರಂತೂ ದಶಕಗಳಿಂದ ಸುದ್ದಿಯಲ್ಲಿದೆ. ಬ್ಯಾಟರಿಗೆ ಅಂಥ ನೀರು ಸುರಿದರೆ ಅದರ ಕ್ಲೋರೈಡ್, ಕಬ್ಬಿಣದ ಅಂಶಗಳು ಒಳಗಿನ ಪ್ಲೇಟುಗಳನ್ನು ಹಾಳುಮಾಡುತ್ತವೆ. ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು. ಬಿಸಿಲಿಗೆ ನಿಂತ ಬ್ಯಾಟರಿ ತಾನಾಗಿಯೇ ಬೇಗ ಇಳಿಯುತ್ತದೆ, ಇಳಿದೇ ಉಳಿದರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಮತ್ತೆ ಚಾರ್ಜ್ ಹಿಡಿಯುವುದಿಲ್ಲ. ತಿರುಮಣಿ ಸುತ್ತಮುತ್ತ 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಹರಡಿರುವ ಸೀಮೆಯಿದು. ಅದೇ ಬಿಸಿಲಿನಲ್ಲಿ ಚಾರ್ಜ್ ಕಂಟ್ರೋಲರ್ ಇರುವ 10 ವ್ಯಾಟಿನ ಪುಟ್ಟ ಪ್ಯಾನೆಲ್ ಒಂದು ಬ್ಯಾಟರಿಯನ್ನು ಬೇಸಿಗೆಯುದ್ದಕ್ಕೂ ಜೀವಂತವಾಗಿಡಬಲ್ಲದು.

ಎಲ್ಲಕ್ಕಿಂತ ಅಪಾಯದ್ದು ನೆಲದ ಮೇಲೆ ನಿಂತು ಸೆಲ್ಫಿನ ಎರಡು ಬೋಲ್ಟಿಗೆ ಸ್ಕ್ರೂಡ್ರೈವರ್ ಅಡ್ಡ ಇಟ್ಟು ‘ಡೈರೆಕ್ಟ್’ ಮಾಡುವ ಅಭ್ಯಾಸ. ಸೇಫ್ಟಿ ಸ್ವಿಚ್ಚು ತಡೆಯಬೇಕಾದ್ದನ್ನು ಅದು ದಾಟಿಸಿಬಿಡುತ್ತದೆ. ಗಾಡಿ ಗೇರಿನಲ್ಲಿದ್ದರೆ ಎಂಜಿನ್ ಹೊತ್ತಿದ ಕ್ಷಣವೇ ಮುಂದಕ್ಕೆ ನುಗ್ಗುತ್ತದೆ. ನಿಂತವರು ಇರುವುದು ಹಿಂದಿನ ದೊಡ್ಡ ಚಕ್ರದ ಮುಂದೆಯೇ. ಜಗತ್ತಿನ ಹಲವೆಡೆ ಜನ ಹೀಗೆ ಪ್ರಾಣ ಕಳೆದುಕೊಂಡಿದ್ದಾರೆ. ಇನ್ನೊಂದು ಬ್ಯಾಟರಿಯಿಂದ ಕರೆಂಟ್ ಕೊಡುವಾಗಲೂ ಕೊನೆಯ ಕಪ್ಪು ಕ್ಲಿಪ್ಪನ್ನು ಕೆಟ್ಟ ಬ್ಯಾಟರಿಗೆ ಸಿಕ್ಕಿಸದೆ, ದೂರದಲ್ಲಿ ಎಂಜಿನ್ ಬಾಡಿಗೆ ಸಿಕ್ಕಿಸಬೇಕು. ಬ್ಯಾಟರಿಯಿಂದ ಹೊಮ್ಮುವ ಜಲಜನಕಕ್ಕೆ ಒಂದು ಕಿಡಿ ಸಾಕು.

ಮುಂಗಾರಿಗೆ ಮುನ್ನ ಒಂದು ಬೆಳಿಗ್ಗೆ ಬಿಡುವು ಮಾಡಿಕೊಳ್ಳಿ. ಮೈನಸ್ ವೈರು ಮೊದಲು ಬಿಚ್ಚಿ, ಟರ್ಮಿನಲ್ ಉಜ್ಜಿ, ಬಿಗಿದು, ಮೇಲೆ ವ್ಯಾಸಲೀನ್ ಸವರಿ. ಸೇಫ್ಟಿ ಸ್ವಿಚ್ಚು ಕೆಟ್ಟಿದ್ದರೆ ಅದನ್ನು ಬೈಪಾಸ್ ಮಾಡಿಸಬೇಡಿ, ಹೊಸದು ಹಾಕಿಸಿ.